ಇಟಲಿಯ ಉಕ್ಕಿನ ಕವಚ: ಎಡಭುಜ ಯಾಕೆ ಅಷ್ಟು ದೊಡ್ಡದು?

ತುಂಗಾತೀರ
ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಮ್ಯೂಸಿಯಂನಲ್ಲಿ 'ಅವಾಂ' ಅಂತ ಒಂದು ಕವಚ ಇದೆ. 1440ರ ಆಸುಪಾಸಿನದು, ಮಿಲಾನ್‌ನಲ್ಲಿ ಮಾಡಿದ್ದು. ಎದೆಯ ಮೇಲೆ ಆ ಪದವನ್ನೇ ಕೆತ್ತಿದ್ದಾರೆ, ಅದಕ್ಕೇ ಆ ಹೆಸರು. ರಾತ್ರಿ ನಿದ್ದೆ ಬರದೆ ಅದರ ಫೋಟೊಗಳನ್ನು ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೆ. ಎಡಭುಜದ ತಗಡು ಬಲಭುಜದ್ದಕ್ಕಿಂತ ದೊಡ್ಡದು. ಎಡ ಮೊಣಕೈಯೂ ಹಾಗೇ. ಆಮೇಲೆ ಆ ಕಾಲದ ಬೇರೆ ಮಿಲಾನ್ ಕವಚಗಳನ್ನು ಹುಡುಕಿದೆ. ಅಲ್ಲೂ ಇದೇ ಕಥೆ.

ಯಾಕೆ ಹೀಗೆ? ಇನ್ನೊಂದು ಪ್ರಶ್ನೆ: ಇವತ್ತು ಫ್ಯಾಷನ್ ಬಟ್ಟೆಗೆ ಹೆಸರಾದ ಮಿಲಾನ್ ಆಗ ಕವಚಕ್ಕೆ ಹೆಸರಾಗಿದ್ದು ಹೇಗೆ? ಗೊತ್ತಿರುವವರು ಬಿಡಿಸಿ ಹೇಳಿ.

ಕುಲುಮೆ ಮನೆ
ಬಲಗೈಯಲ್ಲಿ ಭರ್ಜಿ ಇತ್ತು. ಅಷ್ಟೇ ವಿಷಯ.

ತುಂಗಾತೀರ
ಇಷ್ಟಕ್ಕೇ ಮುಗಿಸಿದರೆ ಹೇಗೆ ಸರ್!

ಮಿಲಾನೊ ಕನ್ನಡತಿ
ಅವರು ಹೇಳಿದ್ದು ಸರಿ, ನಾನು ಸ್ವಲ್ಪ ಎಳೆಯುತ್ತೇನೆ. ಆಗಿನ ಸವಾರ ಭರ್ಜಿಯನ್ನು ಬಲ ಕಂಕುಳಲ್ಲಿ ಅವುಚಿ ಹಿಡಿಯುತ್ತಿದ್ದ. ಅದರ ತುದಿ ಕುದುರೆಯ ಕತ್ತಿನ ಮೇಲಿಂದ ಎಡಕ್ಕೆ ಓರೆಯಾಗಿ ಚಾಚಿರುತ್ತಿತ್ತು. ಎದುರಾಳಿ ಬರುವುದು ಆ ಕಡೆಯಿಂದ. ಏಟು ಬೀಳುವುದೂ ಎಡಕ್ಕೇ ಜಾಸ್ತಿ. ಹಾಗಾಗಿ ಎಡಭುಜದ ತಗಡು ಮುಂದೆ ಎದೆಯ ಮೇಲೂ ಹಿಂದೆ ಬೆನ್ನಿನ ಮೇಲೂ ಅಗಲವಾಗಿ ಹರಡಿಕೊಂಡಿರುತ್ತದೆ. ಸಾಲದು ಅಂತ ಅದರ ಮೇಲೆ ಇನ್ನೊಂದು ದಪ್ಪ ತಗಡು ಕೂರಿಸಿ ಪಿನ್ನು ಹಾಕುತ್ತಿದ್ದರು. ಬಲಭುಜದ್ದನ್ನು ಕಂಕುಳ ಹತ್ತಿರ ಕತ್ತರಿಸಿ ಜಾಗ ಬಿಟ್ಟಿರುತ್ತಾರೆ. ಭರ್ಜಿ ಹೋಗಬೇಕಲ್ಲ.

ಹಾಗೇ ಎದೆಯ ಬಲಬದಿ ನೋಡಿ. ಒಂದು ಕಬ್ಬಿಣದ ಕೊಕ್ಕೆ ಇರುತ್ತದೆ, ಇಲ್ಲವೇ ಅದನ್ನು ಕೂರಿಸುತ್ತಿದ್ದ ಗುರುತಾದರೂ ಇರುತ್ತದೆ. ಭರ್ಜಿ ಗುದ್ದಿದಾಗ ಹಿಂದಕ್ಕೆ ಜಾರದಂತೆ ತಡೆಯುವುದು ಅದೇ. ಹೊಡೆತದ ಭಾರ ಮಣಿಕಟ್ಟಿಗೆ ಬೀಳದೆ ಇಡೀ ಎದೆತಗಡಿಗೆ ಹೋಗುತ್ತದೆ. ಬರೀ ಸರಪಳಿ ಅಂಗಿ ತೊಟ್ಟವನಿಗೆ ಇಂಥ ಕೊಕ್ಕೆ ಸಿಕ್ಕಿಸಲು ಗಟ್ಟಿ ಜಾಗವೇ ಇಲ್ಲ. ಎದೆತಗಡು ಬಂದ ಮೇಲೆ, 14ನೇ ಶತಮಾನದ ಕೊನೆಯ ಹೊತ್ತಿಗೆ, ಇದು ಬಂತು. ಕವಚ ಅಂದರೆ ಬರೀ ಮೈ ಕಾಯೋಕೆ ಅಂದುಕೊಂಡಿರುತ್ತೇವೆ. ಇಲ್ಲಿ ಅದು ಆಯುಧದ ಅರ್ಧ ಭಾಗ.

ಪೇಡಾ ಪ್ರಿಯ
ಹಾಗಾದರೆ ಗುರಾಣಿ ಎಲ್ಲಿ ಹೋಯಿತು ರೀ?

ಮಿಲಾನೊ ಕನ್ನಡತಿ
ಯುದ್ಧದಲ್ಲಿ ಸವಾರರು ಬಿಟ್ಟೇಬಿಟ್ಟರು. ಎಡಭುಜವೇ ಆ ಕೆಲಸ ಮಾಡುವಾಗ ಇನ್ನೊಂದನ್ನು ಯಾಕೆ ಹೊರಬೇಕು? ಎಡಗೈಗೆ ಲಗಾಮು ಹಿಡಿಯುವುದಷ್ಟೇ ಉಳಿಯಿತು. ಕಾಲಾಳುಗಳು, ಅಡ್ಡಬಿಲ್ಲಿನವರು ಮಾತ್ರ ಗುರಾಣಿ ಬಿಡಲಿಲ್ಲ.

ಗೇಮ್ ಗುರು
ಇಷ್ಟೆಲ್ಲ ಹೇರಿಕೊಂಡರೆ ಬಿದ್ದವನು ಏಳೋದುಂಟಾ? ಕ್ರೇನ್ ಕಟ್ಟಿ ಕುದುರೆ ಮೇಲೆ ಕೂರಿಸುತ್ತಿದ್ದರಂತೆ. 50-60 ಕೆಜಿ ಇರಬೇಕು.

ಕುಲುಮೆ ಮನೆ
ಕ್ರೇನ್ ಕಥೆ ಸಿನಿಮಾದವರದ್ದು ಮಾರಾಯ್ರೆ. ಯುದ್ಧದ ಕವಚ ಇಡೀ ಮೈಗೆ ಸೇರಿ ಸುಮಾರು 20ರಿಂದ 25 ಕೆಜಿ. ಭಾರ ಮೈ ತುಂಬ ಹಂಚಿ ಹೋಗಿರುತ್ತದೆ. ಕಾಲಿನದ್ದು ಕಾಲಿಗೆ, ತೋಳಿನದ್ದು ತೋಳಿಗೆ, ಎದೆಯದ್ದು ಸೊಂಟಕ್ಕೆ. ಪಂದ್ಯದ ಅಂಗಳಕ್ಕೆ ಅಂತಲೇ ಬೇರೆ ಕವಚ ಇತ್ತು, ಅದು ತುಂಬಾ ಭಾರ. ಮ್ಯೂಸಿಯಂನಲ್ಲಿ ಅದನ್ನು ನೋಡಿ ಬಂದವರು ಎಲ್ಲವನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತಾರೆ.

ದಫ್ತರ
ಫ್ರಾನ್ಸ್‌ನ ದಳಪತಿ ಬೂಸಿಕೋ ಕವಚ ತೊಟ್ಟೇ ಲಾಗ ಹಾಕುತ್ತಿದ್ದ, ಏಣಿಯ ಹಿಂಬದಿಯಿಂದ ಬರೀ ಕೈಯಲ್ಲೇ ಹತ್ತುತ್ತಿದ್ದ ಅಂತ ಅವನ ಕಾಲದ ಜೀವನಚರಿತ್ರೆಯಲ್ಲೇ ಇದೆ. ಹೊಗಳಿಕೆ ಸ್ವಲ್ಪ ಇರಲಿ, ಅರ್ಧ ಕಳೆದರೂ ಕ್ರೇನ್ ಬೇಕಾಗಿಲ್ಲ.

ಗೇಮ್ ಗುರು
ಅವನು ಪೈಲ್ವಾನ ಸ್ವಾಮಿ. ನಮ್ಮ ನಿಮ್ಮಂಥವರು?

ಸುರತ್ಕಲ್ ಸ್ಟೀಲ್
ಅದಕ್ಕೂ ಲೆಕ್ಕ ಇದೆ. 2011ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದವರು ಕವಚದ ನಕಲು ತೊಡಿಸಿ ಜನರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಕವಚ ಇಲ್ಲದಾಗಿನದಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಖರ್ಚಾಯಿತು. ಅದೇ ಭಾರವನ್ನು ಬೆನ್ನಿಗೆ ಹಾಕಿಕೊಂಡು ನಡೆದರೆ ಇಷ್ಟು ಕಷ್ಟವಿಲ್ಲ. ಕಾಲಿಗೆ ಕಟ್ಟಿದ ತಗಡನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕಲ್ಲ, ಅದಕ್ಕೇ ಸುಸ್ತು. ಎದೆ ಬಿಗಿಯಾಗಿರುವುದರಿಂದ ದೊಡ್ಡ ಉಸಿರು ಎಳೆಯೋಕೂ ಆಗಲ್ಲ. ಅಂದರೆ ಕುಣಿಯಬಹುದು, ಆದರೆ ಜಾಸ್ತಿ ಹೊತ್ತಲ್ಲ. ಇಬ್ಬರ ವಾದದಲ್ಲೂ ಹುರುಳಿದೆ.

ಸುಮ್ನೆ ಓದುಗ
ಈ ತಗಡು ಒಂದೇ ಸಲಕ್ಕೆ ಬಂತಾ? ಸರಪಳಿ ಅಂಗಿಯಿಂದ ನೇರ ಇಲ್ಲಿಗೆ?

ದಫ್ತರ
ಇಲ್ಲ, ನೂರು ವರ್ಷ ಹಿಡಿಯಿತು. ಮೊದಲು ಮೊಣಕಾಲು, ಮೊಣಕೈ. ಸರಪಳಿ ಅಂಗಿ ಕತ್ತಿಯ ಗೀರು ತಡೆಯುತ್ತದೆ, ಆದರೆ ಮೂಳೆ ಮುರಿಯುವ ಏಟು ತಡೆಯಲ್ಲ. ಭರ್ಜಿ, ಅಡ್ಡಬಿಲ್ಲಿನ ಬಾಣ ನೇರ ಬಂದರೆ ಬಳೆಗಳೇ ಸಿಡಿಯುತ್ತವೆ. ಆಮೇಲೆ ಬಟ್ಟೆ ಅಥವಾ ತೊಗಲಿನ ಅಂಗಿಯ ಒಳಗೆ ಸಣ್ಣ ಸಣ್ಣ ತಗಡು ರಿವೆಟ್ ಮಾಡಿ ಸರಪಳಿ ಅಂಗಿಯ ಮೇಲೆ ತೊಟ್ಟರು. ಆ ತಗಡುಗಳೇ ದೊಡ್ಡದಾಗುತ್ತಾ ಒಂದಕ್ಕೊಂದು ಸೇರಿ ಎದೆತಗಡಾಯಿತು.

ಈ ನಡುವಿನ ಘಟ್ಟ ನೋಡಬೇಕಾದರೆ ಇಟಲಿಯ ಉತ್ತರ ತುದಿಯ ಕೂರ್‌ಬುರ್ಗ್ ಕೋಟೆಗೆ ಹೋಗಬೇಕು. ಇಟಾಲಿಯನ್‌ನಲ್ಲಿ ಕಾಸ್ತೆಲ್ ಕೋಯ್ರಾ. ಅಲ್ಲಿನ 13ನೇ ನಂಬರಿನ ಕವಚ 14ನೇ ಶತಮಾನದ ಕೊನೆಯದು. ಎದೆ ಒಂದೇ ತಗಡಲ್ಲ, ಹಲವು ತುಂಡು ಸೇರಿಸಿದ್ದು. ಅಂಚಿಗೆಲ್ಲ ಹಿತ್ತಾಳೆ ಪಟ್ಟಿ. ಪಟ್ಟಿಯ ಮೇಲೆ ಲೂಕನ ಸುವಾರ್ತೆಯ ಸಾಲು ಲ್ಯಾಟಿನ್‌ನಲ್ಲಿ: ಯೇಸು ಅವರ ನಡುವಿನಿಂದಲೇ ಹಾದು ಹೊರಟುಹೋದ ಅಂತ. ಕೊಲ್ಲಲು ಬಂದ ಗುಂಪಿನ ಮಧ್ಯದಿಂದ ಪಾರಾದ ಸಂದರ್ಭ. ಯುದ್ಧಕ್ಕೆ ಹೋಗುವವನು ಎದೆಯ ಮೇಲೆ ಇದನ್ನೇ ಬರೆಸಿಕೊಂಡ ಅಂದರೆ ಅವನ ಭಯ ಎಂಥದ್ದು ಅಂತ ಗೊತ್ತಾಗುತ್ತದೆ. ಉಕ್ಕಿನ ಮೇಲೊಂದು ತಾಯಿತ.

1420ರ ಸುಮಾರಿಗೆ ತಲೆಯಿಂದ ಕಾಲಿನವರೆಗೆ ಉಕ್ಕು. ಸರಪಳಿ ಪೂರ್ತಿ ಹೋಗಲಿಲ್ಲ. ಕಂಕುಳು, ತೊಡೆಸಂದು, ಎಲ್ಲೆಲ್ಲಿ ತಗಡು ಬಾಗಲ್ಲವೋ ಅಲ್ಲೆಲ್ಲ ಉಳಿಯಿತು. ಒಳಗಿನ ದಪ್ಪ ಅಂಗಿಗೇ ಸರಪಳಿ ತುಂಡು ಹೊಲಿದು, ಅದೇ ಅಂಗಿಗೆ ಮೇಣ ಹಚ್ಚಿದ ದಾರದಿಂದ ತಗಡು ಕಟ್ಟುತ್ತಿದ್ದರು.

ಪೇಡಾ ಪ್ರಿಯ
ಮಿಲಾನ್ ಯಾಕೆ ಅನ್ನೋದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಲ್ಲಿನ ಕಮ್ಮಾರರಿಗೆ ಏನು ವರ ಸಿಕ್ಕಿತ್ತಾ?

ಮಿಲಾನೊ ಕನ್ನಡತಿ
ವರವೂ ಇಲ್ಲ ಶಾಪವೂ ಇಲ್ಲ. ಉತ್ತರಕ್ಕೆ ಬೆಟ್ಟ. ವಾಲ್ಸಾಸಿನ, ವಾಲ್ ತ್ರೋಂಪಿಯ, ವಾಲ್ ಕಮೋನಿಕ ಕಣಿವೆಗಳಲ್ಲಿ ಒಳ್ಳೆ ಕಬ್ಬಿಣದ ಅದಿರು. ಕರಗಿಸೋಕೆ ಕಾಡಿನ ಇದ್ದಿಲು. ಇಳಿದು ಬರುವ ಹೊಳೆ ನೀರಿನಿಂದ ತಿದಿ, ಸುತ್ತಿಗೆ, ಸಾಣೆಕಲ್ಲು ಎಲ್ಲ ತಿರುಗುತ್ತಿದ್ದವು. ಮಿಲಾನ್‌ಗೆ ಕಾಲುವೆಗಳಿದ್ದವು, ಆಲ್ಪ್ಸ್ ದಾಟುವ ವ್ಯಾಪಾರದ ದಾರಿಗಳಿದ್ದವು. ಪಕ್ಕದಲ್ಲೇ ಗಿರಾಕಿ: ಇಟಲಿಯ ಊರೂರೂ ಜಗಳ, ಊರೂರಿಗೂ ಬಾಡಿಗೆ ಸೈನ್ಯ.

1288ರಲ್ಲೇ ಬೊನ್ವೆಸಿನ್ ದ ಲಾ ರೀವ ಅನ್ನುವವನು ತನ್ನ ಊರು ಮಿಲಾನನ್ನು ಹೊಗಳಿ ಬರೆಯುತ್ತಾ ನೂರಕ್ಕೂ ಹೆಚ್ಚು ಕವಚ ತಯಾರಕರಿದ್ದಾರೆ ಅಂತ ಲೆಕ್ಕ ಕೊಡುತ್ತಾನೆ. ಆಗಿನ್ನೂ ತಗಡಿನ ಕಾಲ ಶುರುವಾಗಿರಲಿಲ್ಲ. ಊರು ಮೊದಲೇ ತಯಾರಾಗಿತ್ತು.

15ನೇ ಶತಮಾನದಲ್ಲಿ ಮಿಸಾಲ್ಯ ಮನೆತನದ್ದೇ ದರ್ಬಾರು. ಅವರ ಮೂಲ ಅಡ್ಡಹೆಸರು ನೆಗ್ರೋನಿ, ಮೂಲ ಊರು ಏಲೊ. ಪೇತ್ರೋಲೊ, ತೊಮಾಸೊ, ಆಂತೋನಿಯೊ ಅಂತ ತಲೆಮಾರುಗಟ್ಟಲೆ. ಅವರ ಮನೆ ಇದ್ದ ಸ್ಪದಾರಿ ಬೀದಿ ಇವತ್ತಿಗೂ ಕತ್ತಿ ತಯಾರಕರ ಹೆಸರನ್ನೇ ಇಟ್ಟುಕೊಂಡಿದೆ. ಮನೆ ಮಾತ್ರ ಇಲ್ಲ. ಈಗ ಅಲ್ಲಿ ದುಬಾರಿ ಚೀಸು, ಹ್ಯಾಮು ಮಾರುತ್ತಾರೆ. ನಾನು ಬರೀ ಗಾಜಿನ ಹೊರಗಿಂದ ನೋಡುವ ಗಿರಾಕಿ.

ದಫ್ತರ
ಇದಕ್ಕೆ ನನ್ನದೊಂದು ಮಾತು. ಮಿಲಾನ್‌ನವರನ್ನು ಕಲಾವಿದರು ಅಂತ ಹೊಗಳುವುದು ರೂಢಿ. ನನಗೆ ಅವರು ಮೊದಲು ಕಾರ್ಖಾನೆಯವರು. ಒಬ್ಬ ಬರೀ ಭುಜದ ತಗಡು, ಇನ್ನೊಬ್ಬ ಬರೀ ಹೆಲ್ಮೆಟ್, ಮತ್ತೊಬ್ಬ ಕಾಲಿನದ್ದು. ಒಪ್ಪಂದ ಮಾಡಿಕೊಂಡು ದೊಡ್ಡ ಮನೆತನಗಳಿಗೆ ಸರಬರಾಜು. ಅದಕ್ಕೇ ಒಂದೇ ಕವಚದಲ್ಲಿ ಬೇರೆ ಬೇರೆ ಕೈಗಳ ಮುದ್ರೆ ಸಿಗುತ್ತದೆ. ರಾಜನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ, ಸಿಪಾಯಿಗೆ ರೆಡಿಮೇಡ್. ಎರಡೂ ಒಂದೇ ಊರಿನಲ್ಲಿ.

1427ರಲ್ಲಿ ಮಕ್ಲೋದಿಯೊ ಯುದ್ಧದಲ್ಲಿ ಮಿಲಾನ್ ಸೋತಿತು. ವೆನಿಸ್ ಕಡೆಯ ದಳಪತಿ ಕಾರ್ಮಾನ್ಯೋಲ ಸೆರೆ ಸಿಕ್ಕ ಸಾವಿರಾರು ಸಿಪಾಯಿಗಳನ್ನು ಬಿಟ್ಟು ಕಳಿಸಿದ, ಆದರೆ ಅವರ ಆಯುಧ, ಕವಚ ಹೋಗಿತ್ತು. ಆಗ ಮಿಲಾನ್‌ನ ಕವಚದವರು ಕೆಲವೇ ದಿನಗಳಲ್ಲಿ 4,000 ಸವಾರರಿಗೆ, 2,000 ಕಾಲಾಳುಗಳಿಗೆ ಸಜ್ಜು ಒದಗಿಸಿದರು ಅಂತ ವೃತ್ತಾಂತಗಳು ಹೇಳುತ್ತವೆ. ಕೆಲವು ದಿನದಲ್ಲಿ ಇಷ್ಟು ಬಡಿಯೋಕೆ ಯಾರಿಂದಲೂ ಆಗಲ್ಲ. ಅಂದರೆ ಗೋದಾಮಿನಲ್ಲಿ ಮಾಲು ಮೊದಲೇ ಇತ್ತು.

ಗೇಮ್ ಗುರು
ವೃತ್ತಾಂತ ಬರೆದವರ ಸಂಖ್ಯೆ ನಂಬಬಾರದು. ಮೇಲೆ ನೀವೇ ಬೂಸಿಕೋ ಕಥೆಯಲ್ಲಿ ಅರ್ಧ ಕಳೆದಿರಿ.

ದಫ್ತರ
ಇಲ್ಲೂ ಅರ್ಧ ಕಳೆಯಿರಿ, 3,000 ಜನ ಉಳಿಯುತ್ತಾರೆ. ಕಡಿಮೆಯಾ?

ವೃತ್ತಾಂತ ಬೇಡ ಅಂದರೆ ವ್ಯಾಪಾರಿಯ ಕಾಗದ ನೋಡಿ. ಪ್ರಾತೊ ಊರಿನ ಫ್ರಾನ್ಚೆಸ್ಕೊ ದಾತೀನಿ, 14ನೇ ಶತಮಾನದವನು. ಪೋಪ್ ಇದ್ದ ಆವಿನ್ಯೋನ್‌ನಲ್ಲಿ ಅಂಗಡಿ ಇಟ್ಟು ಮಿಲಾನ್‌ನಿಂದ ಕವಚ ತರಿಸಿ ಮಾರಿದ. ಅವನ ಒಂದೂವರೆ ಲಕ್ಷದಷ್ಟು ಪತ್ರಗಳು ಇವತ್ತಿಗೂ ಪ್ರಾತೊದಲ್ಲಿವೆ. ಯಾವ ಕಡೆಯವನು ಗೆದ್ದರೂ ಅವನಿಗೆ ವ್ಯಾಪಾರ.

ಮಿಲಾನೊ ಕನ್ನಡತಿ
ರಾಜರ ಕಡೆಯದ್ದೂ ಒಂದಿರಲಿ. 1398ರಲ್ಲಿ ಇಂಗ್ಲೆಂಡಿನ ಹೆನ್ರಿ ಬೋಲಿಂಗ್‌ಬ್ರೋಕ್‌ಗೂ ಥಾಮಸ್ ಮೌಬ್ರೆಗೂ ದ್ವಂದ್ವ ಯುದ್ಧ ನಿಗದಿಯಾಯಿತು. ಹೆನ್ರಿ ಕವಚ ಬೇಕು ಅಂತ ಮಿಲಾನ್‌ನ ಡ್ಯೂಕ್ ಜಾನ್ ಗಲಿಯಾತ್ಸೊ ವಿಸ್ಕೋಂತಿಗೆ ಹೇಳಿ ಕಳಿಸಿದ. ವಿಸ್ಕೋಂತಿ ಕವಚದ ಜೊತೆಗೆ ಅದನ್ನು ಮೈಗೆ ಹೊಂದಿಸಿ ಕೊಡೋಕೆ ನಾಲ್ಕು ಜನ ಕೆಲಸಗಾರರನ್ನೂ ಕಳಿಸಿದನಂತೆ. ಕೊನೆಗೆ ಇಂಗ್ಲೆಂಡಿನ ರಾಜ ದ್ವಂದ್ವವನ್ನೇ ನಿಲ್ಲಿಸಿ ಇಬ್ಬರನ್ನೂ ಗಡಿಪಾರು ಮಾಡಿದ. ಅಷ್ಟು ದೂರದಿಂದ ಬಂದವರ ಮುಖ ಹೇಗಾಗಿರಬೇಕು!

ಕುಲುಮೆ ಮನೆ
ಕಾರ್ಖಾನೆ ಅಂದಿದ್ದಕ್ಕೆ ನನ್ನದು ಅರ್ಧ ಒಪ್ಪಿಗೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದವರೆಗೂ ಕುಲುಮೆ ಇತ್ತು. ನೇಗಿಲ ಗುಳ, ಕುಡುಗೋಲು, ಗಾಡಿ ಪಟ್ಟಿ. ಅದಕ್ಕೇ ಮ್ಯೂಸಿಯಂಗೆ ಹೋದರೆ ನಾನು ಕವಚದ ಒಳಮೈ ಇಣುಕಿ ನೋಡುತ್ತೇನೆ. ಹೊರಗೆ ಕನ್ನಡಿ. ಒಳಗೆ ಕಪ್ಪು, ಒಂದರ ಮೇಲೊಂದು ಸುತ್ತಿಗೆ ಗುರುತು, ರಿವೆಟ್ಟಿನ ಬಡಿದ ತಲೆ. ಎದೆ ನಡುವೆ ದಪ್ಪ, ಪಕ್ಕೆ ಕಡೆ ಹೋಗುತ್ತಾ ತೆಳು. ಒಂದೇ ತಗಡಿನಲ್ಲಿ ಈ ಏರಿಳಿತ ತರುವುದು ಸುಲಭದ ಮಾತಲ್ಲ. ಎಲ್ಲಿ ಬಡಿದರೆ ಎಲ್ಲಿಗೆ ಲೋಹ ಸರಿಯುತ್ತದೆ ಅಂತ ಕೈಗೇ ಗೊತ್ತಿರಬೇಕು.

ಕುತ್ತಿಗೆಯ ಕೆಳಗೆ ಅಂಚನ್ನು ಹೊರಕ್ಕೆ ಸುರುಳಿ ಮಾಡಿರುತ್ತಾರೆ. ಸುಮ್ನೆ ಅಂದಕ್ಕಲ್ಲ. ಉಬ್ಬಿದ ಎದೆಯ ಮೇಲೆ ಜಾರಿ ಮೇಲಕ್ಕೆ ಬಂದ ಭರ್ಜಿ ಗಂಟಲಿಗೆ ಹೋಗದೆ ಅಲ್ಲಿ ಸಿಕ್ಕಿ ಪಕ್ಕಕ್ಕೆ ತಿರುಗಬೇಕು. ಇಟಲಿಯವರ ಕವಚ ದುಂಡಗೆ, ನುಣ್ಣಗೆ ಇರುವುದೂ ಅದಕ್ಕೇ. ಏಟು ಜಾರಿ ಹೋಗಲಿ ಅಂತ. ಜರ್ಮನಿಯವರು ಆಮೇಲೆ ಗೆರೆಗೆರೆಯಾಗಿ ಮಡಿಕೆ ಹಾಕಿದರು, ಅದು ತಗಡಿಗೆ ಬಿಗಿ ಕೊಡುತ್ತದೆ. ನೋಡೋಕೆ ಅದು ಚಂದ. ಆದರೆ ಯುದ್ಧಕ್ಕೆ ಹೋಗು ಅಂದರೆ ನಾನು ಮಿಲಾನಿನದ್ದೇ ಕೇಳುತ್ತೇನೆ.

ಸುರತ್ಕಲ್ ಸ್ಟೀಲ್
ಲೋಹದ ವಿಷಯಕ್ಕೆ ಬಂದಿರಿ, ನನ್ನ ಕ್ಷೇತ್ರ. ಅಲನ್ ವಿಲಿಯಮ್ಸ್ ಅನ್ನುವ ಸಂಶೋಧಕರು ದಶಕಗಟ್ಟಲೆ ಹಳೆ ಕವಚಗಳ ಲೋಹವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ್ದಾರೆ. 15ನೇ ಶತಮಾನದ ಒಳ್ಳೆ ಮಿಲಾನ್ ಕವಚ ಬರೀ ಕಬ್ಬಿಣ ಅಲ್ಲ, ಉಕ್ಕು. ಅದರಲ್ಲೂ ಬಹಳಷ್ಟನ್ನು ಕೆಂಪಗೆ ಕಾಯಿಸಿ ಬೇಗ ತಣಿಸಿ ಗಟ್ಟಿ ಮಾಡಿದ್ದಾರೆ. ಇಷ್ಟು ದೊಡ್ಡ ತೆಳು ತಗಡನ್ನು ಹಾಗೆ ತಣಿಸಿದರೆ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಅಷ್ಟು ದಿನದ ಕೂಲಿ ಒಂದು ಕ್ಷಣದಲ್ಲಿ ನೀರುಪಾಲು.

ಮಜಾ ಏನೆಂದರೆ 16ನೇ ಶತಮಾನ ಶುರುವಾದ ಮೇಲೆ ಇಟಲಿಯವರು ಇದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟರು. ವಿಲಿಯಮ್ಸ್ ಕೊಡುವ ಕಾರಣ ಚಿನ್ನ. ಪಾದರಸದಲ್ಲಿ ಚಿನ್ನ ಕಲಸಿ ಹಚ್ಚಿ ಕಾಯಿಸಿದರೆ ಪಾದರಸ ಹಾರಿ ಚಿನ್ನ ಕೂರುತ್ತದೆ. ಆ ಶಾಖಕ್ಕೆ ಉಕ್ಕಿನ ಗಡಸು ಇಳಿದು ಹೋಗುತ್ತದೆ. ಗಿರಾಕಿಗೆ ಮಿಂಚಬೇಕಿತ್ತು, ಮಿಂಚಿಸಿದರು. ಆಗ್ಸ್‌ಬರ್ಗ್, ಇನ್ಸ್‌ಬ್ರುಕ್ ಕಡೆಯವರು ಮಾತ್ರ ಗಡಸು ಮಾಡುವುದನ್ನು ಮುಂದುವರಿಸಿದರು.

ಪೇಡಾ ಪ್ರಿಯ
ಶೋಕಿಗೆ ಬಿದ್ದು ಕಸುಬು ಕಳೆದುಕೊಂಡರು ಅನ್ನಿ.

ಮಿಲಾನೊ ಕನ್ನಡತಿ
ಹಾಗೆ ಅನ್ನಬೇಡಿ ಸರ್. ಫಿಲಿಪ್ಪೊ ನೆಗ್ರೋಲಿ ಮಾಡಿದ ಕವಚ ನೋಡಿದ್ದೀರಾ? 1541ರಲ್ಲಿ ಚಕ್ರವರ್ತಿ 5ನೇ ಚಾರ್ಲ್ಸ್‌ಗೆ ಮಾಡಿದ ಗುರಾಣಿಯ ಮೇಲೆ ಗ್ರೀಕ್ ಪುರಾಣದ ಹಾವುಗೂದಲಿನ ಮೆಡೂಸಾ ಮುಖ, ಉಕ್ಕಿನ ಹಾಳೆಯಿಂದ ಉಬ್ಬಿಸಿದ್ದು. ಮೆರವಣಿಗೆಯ ಕವಚ ಅದು. ಕಸುಬು ಹೋಗಲಿಲ್ಲ, ಗಿರಾಕಿ ಬದಲಾದ.

ಗೇಮ್ ಗುರು
ಏನೇ ಹೇಳಿ, ಕವಚ ಅಷ್ಟು ಚೆನ್ನಾಗಿದ್ದಿದ್ದರಿಂದಲೇ ಇಟಲಿ ಯುದ್ಧಗಳು ನಾಟಕ ಆಗಿದ್ದು. 1440ರ ಅಂಗಿಯಾರಿ ಯುದ್ಧದಲ್ಲಿ ಸತ್ತವನು ಒಬ್ಬನೇ, ಅದೂ ಕುದುರೆಯಿಂದ ಬಿದ್ದು. ಫ್ಲಾರೆನ್ಸ್‌ನ ಲೇಖಕ ಮಾಕಿಯವೆಲಿಯೇ ಬರೆದಿದ್ದಾನೆ.

ದಫ್ತರ
ಬರೆದಿದ್ದಾನೆ, ನಿಜ. ಅವನು ಹುಟ್ಟಿದ್ದೇ 1469ರಲ್ಲಿ. ಬಾಡಿಗೆ ಸೈನಿಕರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ದುಡ್ಡು ತಿಂದು ಆಟ ಆಡುತ್ತಾರೆ ಅನ್ನುವುದು ಅವನ ವಾದ, ಅದಕ್ಕೆ ತಕ್ಕ ಉದಾಹರಣೆ ಬೇಕಿತ್ತು. ಬೇರೆ ದಾಖಲೆಗಳ ಪ್ರಕಾರ ಅಲ್ಲಿ ನೂರಾರು ಜನ ಸತ್ತಿದ್ದಾರೆ. ಕವಚದಿಂದ ಸವಾರರ ಸಾವು ಕಡಿಮೆಯಾಯಿತು ಅನ್ನೋದನ್ನು ಒಪ್ಪುತ್ತೇನೆ. ಜೊತೆಗೆ ಸೆರೆ ಹಿಡಿದರೆ ಬಿಡುಗಡೆ ಹಣ ಸಿಗುತ್ತಿತ್ತು, ಕೊಂದರೆ ಏನೂ ಇಲ್ಲ. ಕಾಲಾಳುಗಳಿಗೆ ಈ ಭಾಗ್ಯ ಎಲ್ಲಿ?

ಸುಮ್ನೆ ಓದುಗ
ಕೊನೆಗೆ ಬಂದೂಕು ಬಂತು, ಕವಚ ಹೋಯಿತು. ಅಷ್ಟೇ ತಾನೇ?

ಸುರತ್ಕಲ್ ಸ್ಟೀಲ್
ಅಷ್ಟು ಬೇಗ ಹೋಗಲಿಲ್ಲ. 1525ರಲ್ಲಿ ಪವೀಯದಲ್ಲಿ ಸ್ಪೇನಿನ ಬಂದೂಕಿನವರು ಫ್ರೆಂಚ್ ಸವಾರರನ್ನು ಉರುಳಿಸಿದರು, ದೊರೆ 1ನೇ ಫ್ರಾನ್ಸಿಸ್ ಸೆರೆ ಸಿಕ್ಕ. ಆದರೂ ಅದಾದ ಮೇಲೆ ನೂರು ವರ್ಷಕ್ಕೂ ಜಾಸ್ತಿ ಕವಚ ನಡೆಯಿತು. ಎದೆತಗಡು ದಪ್ಪ ಮಾಡಿದರು. ಭಾರ ತಡೆಯೋಕೆ ಕಾಲಿನದ್ದು ಬಿಟ್ಟರು, ಆಮೇಲೆ ತೋಳಿನದ್ದು. ಮಾರುವ ಮುಂಚೆ ಗುಂಡು ಹೊಡೆದು ತೋರಿಸುವುದೂ ಇತ್ತು. ಆ ತಗ್ಗೇ ಗ್ಯಾರಂಟಿ ಕಾರ್ಡು.

ಮಿಲಾನೊ ಕನ್ನಡತಿ
ಕಮ್ಮಾರರೂ ಸುಮ್ಮನೆ ಕೂರಲಿಲ್ಲ. ಬ್ರೆಷದ ಪಕ್ಕದ ಗಾರ್ದೋನೆಯಲ್ಲಿ ಬಂದೂಕಿನ ನಳಿಗೆ ಮಾಡುವ ಬೆರೆಟ್ಟಾ ಮನೆತನ 1526ರಲ್ಲಿ ವೆನಿಸ್‌ಗೆ 185 ನಳಿಗೆ ಮಾರಿದ ದಾಖಲೆ ಇದೆ. ಅದೇ ವಾಲ್ ತ್ರೋಂಪಿಯ ಕಣಿವೆಯ ಕಬ್ಬಿಣ, ಅದೇ ಹೊಳೆ. ಕಂಪನಿ ಇವತ್ತಿಗೂ ಅಲ್ಲೇ ಇದೆ.

ಹಂಪಿ ಹುಚ್ಚ
ನಮ್ಮ ವಿಜಯನಗರದ ಬಗ್ಗೆ ಯಾರೂ ಮಾತಾಡಲ್ಲ ಯಾಕೆ? 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಸವಾರರನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಹೊರಗೆ ಮಖಮಲ್ಲು, ಜರತಾರಿ. ಒಳಗೆ ಗಟ್ಟಿ ತೊಗಲಿನ ಪದರ, ಅದಕ್ಕೆ ಕಬ್ಬಿಣದ ತಗಡು. ಕೆಲವರ ತಗಡಿಗೆ ಚಿನ್ನದ ಲೇಪ, ಕೆಲವರದ್ದು ಬೆಳ್ಳಿ.

ಗೇಮ್ ಗುರು
ಹಾಗಾದರೆ ಮಿಲಾನ್‌ನವರು ನಮ್ಮಿಂದ ಕಲಿತರು!

ದಫ್ತರ
ದಯವಿಟ್ಟು ಬೇಡ. ಯಾರೂ ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಅಲ್ಲಿ ಕಂಕುಳಲ್ಲಿ ಅವುಚಿದ ಭಾರದ ಭರ್ಜಿಗೆ ತಕ್ಕ ಕವಚ ಬಂತು. ಇಲ್ಲಿನ ಬಿಸಿಲು ಬೇರೆ, ಕುದುರೆ ಬೇರೆ, ಕಾದಾಡುವ ರೀತಿ ಬೇರೆ.

ವೇದಿಕೆ ಮೇಲ್ವಿಚಾರಣೆ
ಹಂಪಿಯ ವಿಷಯಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಇಟಲಿಯಲ್ಲೇ ಇರೋಣ.

ಹಂಪಿ ಹುಚ್ಚ
ತೆರೆದಿದ್ದೇನೆ. ಎಲ್ಲರೂ ಬನ್ನಿ, ಜಗಳಕ್ಕೆ ಜಾಗ ಬೇಕಾದಷ್ಟಿದೆ.

ತುಂಗಾತೀರ
ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ಸಾವಿರಗಟ್ಟಲೆ ಮಾಡಿದ್ದಾರೆ ಅಂತೀರಿ. ಮತ್ತೆ ಉಳಿದಿರೋದು ಯಾಕೆ ಇಷ್ಟು ಕಡಿಮೆ?

ಮಿಲಾನೊ ಕನ್ನಡತಿ
ಹಳೆ ಉಕ್ಕಿಗೆ ಯಾವಾಗಲೂ ಬೆಲೆ ಇತ್ತಲ್ವಾ. ಕಾಯಿಸಿ ಬಡಿದು ಬೇರೇನೋ ಮಾಡಿಕೊಂಡರು. ಉಳಿದದ್ದೆಲ್ಲ ಆಕಸ್ಮಿಕ. ಗ್ರೀಸ್‌ನ ಕಾಲ್ಕಿಸ್‌ನಲ್ಲಿ ವೆನಿಸ್‌ನವರ ಕೋಟೆ ಇತ್ತು, 1470ರಲ್ಲಿ ತುರ್ಕರ ಕೈಗೆ ಹೋಯಿತು. ಅಲ್ಲಿ ರಾಶಿ ಬಿದ್ದಿದ್ದ ಕವಚದ ತುಂಡುಗಳು 1840ರಲ್ಲಿ ಸಿಕ್ಕವು. ಈಗ ಅಥೆನ್ಸ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ಇವೆ.

ಇದಕ್ಕಿಂತ ವಿಚಿತ್ರ ಮಾಂತುವಾ ಪಕ್ಕದ ಗ್ರಾತ್ಸಿಯೆ ಚರ್ಚು. ಮಾತೆ ಮರಿಯಳ ಹರಕೆಯ ಸ್ಥಳ. ಗೋಡೆಯ ಗೂಡುಗಳಲ್ಲಿ ಮನುಷ್ಯನಷ್ಟೇ ಎತ್ತರದ ಬೊಂಬೆಗಳು. ನೇಣಿನಿಂದ ಪಾರಾದವನು, ಬಾವಿಯಿಂದ ಪಾರಾದವನು, ಹೀಗೆ. ಕೆಲವು ಬೊಂಬೆಗೆ ಕವಚ ತೊಡಿಸಿ ಮೇಲೆ ಬಣ್ಣ ಬಳಿದಿದ್ದರು. ಕಾಗದದ ಮುದ್ದೆಯಿಂದ ಮಾಡಿದ್ದು ಅಂತ ಎಲ್ಲರೂ ನಂಬಿದ್ದರು. 20ನೇ ಶತಮಾನದಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಮಾನ್ ಬಂದು ನೋಡಿದರೆ ಬಣ್ಣದ ಕೆಳಗೆ ಅಸಲಿ 15ನೇ ಶತಮಾನದ ಉಕ್ಕು! ಈಗ ಆ ಕವಚಗಳು ಮಾಂತುವಾದ ಧರ್ಮಪ್ರಾಂತ್ಯದ ಮ್ಯೂಸಿಯಂನಲ್ಲಿವೆ.

ಇಟಲಿಗೆ ಬಂದರೆ ಮೊದಲು ಅಲ್ಲಿಗೆ ಹೋಗಿ. ಆಮೇಲೆ ಮಿಲಾನ್‌ನ ಪೋಲ್ದಿ ಪೆತ್ಸೋಲಿ, ಬ್ರೆಷ ಕೋಟೆಯ ಮಾರ್ತ್ಸೋಲಿ ಆಯುಧ ಸಂಗ್ರಹ. ಕೂರ್‌ಬುರ್ಗ್‌ಗೆ ಚಳಿಗಾಲದಲ್ಲಿ ಹೋಗಬೇಡಿ, ಬಾಗಿಲು ಹಾಕಿರುತ್ತಾರೆ. ಗೈಡ್ ಜೊತೆಗೇ ಒಳಗೆ ಬಿಡುವುದು.

ಕುಲುಮೆ ಮನೆ
ಆ ಚರ್ಚಿನ ಚಾವಣಿಯಿಂದ ಒಂದು ಮೊಸಳೆ ನೇತುಹಾಕಿದ್ದಾರೆ ಅಂತ ಕೇಳಿದ್ದೆ. ನಿಜವಾ?

ಮಿಲಾನೊ ಕನ್ನಡತಿ
ನಿಜ. ಒಣಗಿಸಿದ ಅಸಲಿ ಮೊಸಳೆ, ಸರಪಳಿಯಲ್ಲಿ. ಅದರ ಬಗ್ಗೆ ಕೇಳಿದರೆ ಊರಿನಲ್ಲಿ ಒಬ್ಬೊಬ್ಬರೂ ಒಂದೊಂದು ಕಥೆ ಹೇಳುತ್ತಾರೆ.

ಪೇಡಾ ಪ್ರಿಯ
ಕವಚ ಪಕ್ಕಕ್ಕಿರಲಿ, ಆ ಕಥೆ ಹೇಳಿ ಮೇಡಂ.